ಬಿಚ್ಚದೆ ಬಿಟ್ಟ ಗೋಡೆ

ಅಮೀಟ್ ನದಿ ದಂಡೆ, ಲೂಸಿಯಾನಾ
13 ಏಪ್ರಿಲ್ 1983

ಓವೀಡ್,

ಆರು ವರ್ಷದಿಂದ ನಿನಗೆ ಒಂದು ಸಾಲು ಬರೆದವಳಲ್ಲ. ಈಗಲೂ ನಿನ್ನ ಆರೋಗ್ಯ ವಿಚಾರಿಸಲು ಕೂತಿಲ್ಲ. ಭಾವನ ಮಣ್ಣಿಗೂ ಬಾರದ ತಮ್ಮನಿಗೆ ಅಕ್ಕ ತಾನಾಗಿ ಕಾಗದ ಬರೆದಿದ್ದಾಳೆಂದರೆ ಏನೋ ಆಗಿರಬೇಕು ಎಂದು ಲಕೋಟೆ ಒಡೆಯುವಾಗಲೇ ನಿನಗೆ ಅನ್ನಿಸಿರಬೇಕು. ಆಗಿದೆ.

ನದಿ ಮತ್ತೆ ಮನೆಯೊಳಗೆ ಬಂತು. ಎಪ್ಪತ್ತೇಳರಲ್ಲಿ ಮೊಣಕಾಲವರೆಗೆ ಬಂದು ಹೋಗಿತ್ತಲ್ಲ, ಈ ಸಲ ಮರ್ಯಾದೆ ಬಿಟ್ಟು ಸೊಂಟದವರೆಗೆ ಬಂದು ಎರಡು ದಿನ ಕೂತಿತು. ಇಳಿದ ಮೇಲೆ ಹೋಗಿ ನೋಡಿದರೆ ಫ್ರಿಜ್ಜು ಅಡುಗೆಮನೆ ಬಾಗಿಲಿಗೆ ಅಡ್ಡವಾಗಿ ಅಂಗಾತ ಮಲಗಿದೆ. ಪಿಯಾನೋ ಹೊಟ್ಟೆಯಲ್ಲಿ ಕಪ್ಪೆ ವಟಗುಟ್ಟುತ್ತಿದೆ. ಇದಕ್ಕೆಲ್ಲ ನಾನು ಅಳಲಿಲ್ಲ. ದಂಡೆಯ ಮೇಲೆ ಹುಟ್ಟಿದವರಿಗೆ ಇದೇನು ಹೊಸದೆ? ರಸ್ತೆ ಉದ್ದಕ್ಕೂ ಎಲ್ಲರ ಮನೆಯ ಹಾಸಿಗೆ, ಸೋಫಾ, ಮದುವೆ ಫೋಟೋ ರಾಶಿ ಬಿದ್ದಿವೆ. ನಾನೂ ಚರ್ಚಿನ ಸಭಾಂಗಣದಲ್ಲಿ ಮಲಗಿ, ಬೆಳಿಗ್ಗೆ ಎದ್ದು ಹೋಗಿ ಕೆಸರು ತಳ್ಳುತ್ತಿದ್ದೇನೆ.

ನಿನ್ನೆ ಪಕ್ಕದ ವಿಲ್ಮರ್ ಮುದುಕ ಗರಗಸ ಹಿಡಿದು ಬಂದ. ಎಪ್ಪತ್ತು ದಾಟಿದೆ, ಬಾಯಿಗೆ ಮಾತ್ರ ಇಪ್ಪತ್ತೈದು. ನೀಲಿ ಪುಡಿ ಸವರಿದ ದಾರ ಎಳೆದು, ಗೋಡೆಗೆ ಟಪ್ಪನೆ ಹೊಡೆದು, ನಾಲ್ಕಡಿ ಎತ್ತರಕ್ಕೆ ಗೆರೆ ಮೂಡಿಸಿದ.

"ನೀರು ಬಂದಿರೋದು ಮೂರಡಿ. ನಾಲ್ಕಡಿ ಯಾಕೆ ಕೊಯ್ತೀಯ?" ಅಂದೆ.

"ಗೋಡೆ ಹಲಗೆ ಬರೋದೇ ನಾಲ್ಕಡಿ ಅಗಲ ಕಣಮ್ಮ. ಅಳತೆ ನದಿಗೆ ಗೊತ್ತಿಲ್ಲ, ಅಂಗಡಿಯವನಿಗೆ ಗೊತ್ತು," ಅಂದ.

ಆಮೇಲೆ ಗೆರೆಯ ಮೇಲೆ ಅಂಗೈ ಆಡಿಸಿ ನಿಂತುಬಿಟ್ಟ. "ಇಲ್ಲಿ ಮೊದಲೇ ಒಂದ್ಸಲ ಕೊಯ್ದಿದಾರೆ. ಸಂದು ಕೈಗೇ ಸಿಗ್ತಿಲ್ಲ ನೋಡು. ಇದು ನಿನ್ನ ತಮ್ಮಂದೇ ಕೆಲಸ. ಪುಟ್ಟಿ ಹಚ್ಚೋದ್ರಲ್ಲಿ ಅವನ ಸಮ ಈ ಕಡೆ ಯಾರೂ ಇಲ್ಲ ಬಿಡು."

ನಿನ್ನ ಮೇಲೆ ಎಷ್ಟೇ ಸಿಟ್ಟಿದ್ದರೂ ಆ ಮಾತಿಗೆ ನನಗೆ ಒಳಗೊಳಗೇ ಹೆಮ್ಮೆಯಾಯಿತು ಎಂದು ಬರೆಯಲು ನಾಚಿಕೆಯಾಗುತ್ತಿದೆ. ಮುಂದಿನ ಗಳಿಗೆಯಲ್ಲೇ ಹಲಗೆ ಕಳಚಿತು.

ಓವೀಡ್, ಒಳಗೆ ಎಲ್ಲ ಕರ‍್ರಗಿತ್ತು. ಗೋಡೆಯೊಳಗಿನ ಮರದ ಕಂಬಗಳು ಬೆಂಕಿಗೆ ಸಿಕ್ಕು ಸುಟ್ಟ ಹಾಗಿದ್ದವು. ಹಲಗೆಯ ಬೆನ್ನಿಗೆ ಕಪ್ಪು ಬೂಷ್ಟು ಕರಡಿಯ ತೊಗಲಿನಂತೆ ದಪ್ಪಗೆ ಬೆಳೆದಿತ್ತು. ವಾಸನೆಗೆ ವಿಲ್ಮರ್ ಎರಡು ಹೆಜ್ಜೆ ಹಿಂದೆ ಸರಿದ. ಅವನ ಬಾಯಿಂದ ಮಾತು ಹೊರಡದಿದ್ದುದನ್ನು ನಾನು ಮೊದಲ ಸಲ ನೋಡಿದೆ. ಆಮೇಲೆ ಮೆಲ್ಲಗೆ ಅಂದ: "ಇದು ಈ ವಾರದ್ದಲ್ಲ ಯೂಲಲಿ. ನೀರು ಬಂದು ಐದಾರು ದಿನಕ್ಕೆಲ್ಲ ಹೀಗಾಗಲ್ಲ. ಇದು ವರ್ಷಗಟ್ಟಲೆ ಒಳಗೇ ಬೆಳೆದಿದೆ."

ಕಂಬದ ಮೇಲೆ, ಗೆರೆಯ ಸ್ವಲ್ಪ ಕೆಳಗೆ, ನಿನ್ನ ಅಕ್ಷರ. ಗೋಡೆ ಮುಚ್ಚುವ ಮುಂಚೆ ನಿಮ್ಮ ಕಸುಬಿನವರು ಹೆಸರು, ತಾರೀಖು ಗೀಚುವುದು ನನಗೆ ಗೊತ್ತು. ಪೆನ್ಸಿಲ್ ಗೀಟು ಪ್ರವಾಹಕ್ಕೂ ಅಳಿಸುವುದಿಲ್ಲವಂತೆ. "ಓ. ಬ್ರಿನ್ಯಾಕ್. 4 ಮೇ 77." ಅದರ ಕೆಳಗೆ ಇನ್ನೊಂದು ಪದ. "ಒದ್ದೆ."

ಅದು ಮಲಗುವ ಕೋಣೆಯ ಗೋಡೆ. ನಿನ್ನ ಭಾವ ಕ್ಲೋವಿಸ್ ಸಾಯುವ ತನಕ ನಾಲ್ಕು ವರ್ಷ ಆ ಗೋಡೆಗೆ ತಲೆ ಇಟ್ಟು ಮಲಗಿದ. ಎರಡನೆಯ ಚಳಿಗಾಲಕ್ಕೆ ಕೆಮ್ಮು ಹಿಡಿಯಿತು, ಬಿಡಲಿಲ್ಲ. ಹೊಗೆಸೊಪ್ಪಿನ ಚಟ ಅಂದರು ಡಾಕ್ಟರು. ನಾನೂ ಹಾಗೇ ಅಂದುಕೊಂಡು ಅವನನ್ನು ಸಾಯುವವರೆಗೂ ಬೈದೆ.

ಈಗ ಕೇಳು. ಮಗಳು ರೆನೆಲಾಳ ಬಾಡಿಗೆ ಮನೆಯೂ ನೀರಲ್ಲಿ ಹೋಯಿತು. ಅವಳ ಗಂಡ ಸಮುದ್ರದ ಎಣ್ಣೆ ಬಾವಿಯಲ್ಲಿ ತಿಂಗಳುಗಟ್ಟಲೆ ಇರುತ್ತಾನೆ. ಆಗಸ್ಟಿಗೆ ಅವಳೂ ಮಗುವೂ ಇಲ್ಲಿಗೇ ಬರುವುದೆಂದು ಮಾತಾಗಿದೆ. ಟೆಸ್‌ಗೆ ಐದು ವರ್ಷ, ಹುಟ್ಟಿದಾಗಿನಿಂದ ಉಬ್ಬಸ. ಅವಳಿಗೆ ಕೊಡಲಿರುವುದು ಅದೇ ಕೋಣೆ.

ಒಂದೇ ಪ್ರಶ್ನೆ. ಗೊತ್ತಿದ್ದೂ ಮುಚ್ಚಿದೆಯಾ?

ನಿನ್ನ ಅಕ್ಕ ಎಂದು ಬರೆಯಲು ಕೈ ಬಾರದ
ಯೂಲಲಿ

*

ಪೋರ್ಟ್ ಆರ್ಥರ್, ಟೆಕ್ಸಾಸ್
20 ಏಪ್ರಿಲ್ 1983

ಅಕ್ಕ,

ಅಕ್ಷರ ನನ್ನದೇ. ಗೊತ್ತಿದ್ದೇ ಮುಚ್ಚಿದೆ.

ಈಗ ಹೇಳಿದಷ್ಟು ಮಾಡು, ಬೈಗುಳ ಆಮೇಲೆ. ನಾಲ್ಕಡಿಗೆ ನಿಲ್ಲಿಸಬೇಡ, ಮಲಗುವ ಕೋಣೆಯ ಹಲಗೆಯನ್ನು ಸೂರಿನ ತನಕ ತೆಗೆಸು. ಚಳಿ ಶಾಖ ತಡೆಯಲು ಒಳಗೆ ತುರುಕಿದ ಗಾಜಿನ ಹತ್ತಿ ಒಂದು ಎಳೆಯೂ ಉಳಿಯಬಾರದು, ಅದು ವರ್ಷಾನುಗಟ್ಟಲೆ ನೀರು ಕುಡಿದು ಕೂತಿರುತ್ತದೆ. ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳದೆ ನೀನು ಆ ಕೋಣೆಗೆ ಕಾಲಿಡಬೇಡ. ಬೂಷ್ಟನ್ನು ತಂತಿ ಬ್ರಷ್ಷಿನಿಂದ ಕೆರೆದು, ಬ್ಲೀಚಿಂಗ್ ನೀರಿನಿಂದ ಎರಡು ಸಲ ತೊಳೆಯಲಿ. ವಿಲ್ಮರಣ್ಣ ಕಂಬಕ್ಕೆ ಚಾಕು ಚುಚ್ಚಿ ನೋಡಲಿ. ಮೆತ್ತಗೆ ಇಳಿದರೆ ಆ ಕಂಬ ಸತ್ತ ಹಾಗೆ, ಬದಲಾಯಿಸಬೇಕು. ಆಮೇಲೆ ಕಿಟಕಿ ತೆರೆದು, ಫ್ಯಾನು ಹಾಕಿ, ಗಾಳಿಗೆ ಬಿಡು.

ಒಣಗಿದೆಯೋ ಇಲ್ಲವೋ ಎಂದು ನೋಡಲು ನನ್ನ ಲೆಕ್ಕ ಬೇರೆ. ಹೊಳೆಯುವ ಹೊಸ ಮೊಳೆಯನ್ನು ಕಂಬಕ್ಕೆ ಹೊಡೆದು ಒಂದು ವಾರ ಬಿಟ್ಟು ಕೀಳು. ಮರದಲ್ಲಿ ನೀರಿದ್ದರೆ ಮೊಳೆ ತುಕ್ಕು ಹಿಡಿದು ಕೆಂಪಾಗಿ ಬರುತ್ತದೆ. ಶನಿವಾರ ಶನಿವಾರ ಕಿತ್ತು ಲಕೋಟೆಯಲ್ಲಿ ಹಾಕಿ ನನಗೆ ಕಳಿಸು. ನಾನು ನೋಡಿ ಹೇಳುತ್ತೇನೆ. ನಾನು ಹೇಳುವವರೆಗೆ ಯಾರು ಎಷ್ಟು ಅವಸರ ಮಾಡಿದರೂ ಮುಚ್ಚಬೇಡ.

ಯಾಕೆ ಮುಚ್ಚಿದೆ ಎಂದು ಬರೆಯಲು ಕೂತು ಮೂರು ಹಾಳೆ ಹರಿದೆ. ಅದನ್ನು ಕೇಳಬೇಡ.

ಓವೀಡ್

*

ಅಮೀಟ್ ನದಿ ದಂಡೆ
30 ಏಪ್ರಿಲ್ 1983

ಓವೀಡ್,

ಕೇಳಬೇಡ ಅಂತ ನೀನು ಹೇಳಿದ್ದಕ್ಕೆ ನಾನು ಕೇಳದೆ ಇದ್ದದ್ದು ಯಾವತ್ತಾದರೂ ಉಂಟೇ?

ಗೋಡೆಗಳನ್ನೆಲ್ಲ ಸೂರಿನ ತನಕ ಬಿಚ್ಚಿದ್ದಾಯಿತು. ಒಹಾಯೋದ ಕಡೆಯಿಂದ ಬಂದ ಚರ್ಚಿನವರು ನಾಲ್ಕು ಜನ ಕೈಹಾಕಿದರು. ಮಲಗುವ ಕೋಣೆಯಲ್ಲಿ ಒಂದೊಂದೇ ಕಂಬ ಬಯಲಾಗುತ್ತಿತ್ತು, ಒಂದೊಂದರ ಮೇಲೂ ಒದ್ದೆ, ಒದ್ದೆ, ಒದ್ದೆ. ಅವರಲ್ಲೊಬ್ಬಳು ಹೆಂಗಸು, ನಮ್ಮ ಮನೆಮಾತು ಬಾರದವಳು ಪಾಪ, "ಇದೇನಮ್ಮ, ನಿಮ್ಮ ಕಡೆ ಮರದ ಜಾತಿ ಹೆಸರಾ?" ಅಂತ ಕೇಳಿದಳು. ನಗು ಬಂದು, ನಗು ನಿಲ್ಲದೆ, ಹೊರಗೆ ಹೋಗಿ ಜಗಲಿಯಲ್ಲಿ ಕೂತೆ.

ಬಾಗಿಲ ಪಕ್ಕದ ಕಟ್ಟಕಡೆಯ ಕಂಬದಲ್ಲಿ ಬೇರೆ ಮಾತಿತ್ತು. "ಸೋಮವಾರ 16, ಬಿಚ್ಚಬೇಕು."

ಅದನ್ನು ಓದಿ ದಿನ ಲೆಕ್ಕ ಹಾಕಿದೆ. ರೆನೆಲಾಳ ಮದುವೆ ಶನಿವಾರ ಹದಿನಾಲ್ಕು. ಸೋಮವಾರ ಹದಿನಾರು ನನಗೆ ಚೆನ್ನಾಗಿ ನೆನಪಿದೆ. ನಾನು ಅಡುಗೆಮನೆ ಕಿಟಕಿಯಲ್ಲಿ ನಿಂತು ಮದುವೆಯ ಕೇಕಿನ ತಟ್ಟೆಗಳನ್ನು ತೊಳೆಯುತ್ತಿದ್ದೆ. ನಿನ್ನ ಗಾಡಿ ಬಂದು ಗೇಟಿನ ಹತ್ತಿರ ನಿಂತಿತು. ನಿನ್ನ ಕೈಯಲ್ಲಿ ಸುತ್ತಿಗೆಯೂ ಹಾರೆಯೂ ಇದ್ದವು. ಕ್ಲೋವಿಸ್ ಓಡಿ ಹೋಗಿ ಗೇಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಮಾತು ಕೇಳಿಸಲಿಲ್ಲ, ಕೂಗಾಟ ಕೇಳಿಸಿತು. ನೀನು ಸುತ್ತಿಗೆಯನ್ನು ಚರಂಡಿಗೆ ಎಸೆದು ಹೊರಟುಹೋದೆ. ಆಮೇಲೆ ನೀನು ಆ ಗೇಟು ದಾಟಲಿಲ್ಲ.

ಒಳಗೆ ಬಂದವನನ್ನು ಏನಾಯಿತೆಂದು ಕೇಳಿದೆ. "ನಿನ್ನ ತಮ್ಮ ಬೆಳಿಗ್ಗೆ ಬೆಳಿಗ್ಗೆನೇ ಕುಡಿದು ಬಂದಿದಾನೆ. ಮದುವೇಲಿ ತನಗೆ ಮರ್ಯಾದೆ ಸಿಗ್ಲಿಲ್ವಂತೆ, ನಾನು ಮಾಡಿದ ಗೋಡೆ ನಾನೇ ಒಡೀತೀನಿ ಅಂತಾನೆ. ನಾನು ಕಳಿಸ್ದೆ. ನೀನೂ ಅವನ ಸುದ್ದಿಗೆ ಹೋಗ್ಬೇಡ," ಅಂದ. ನಾನು ಹೋಗಲಿಲ್ಲ.

ನೀನು ಅವತ್ತು ಕುಡಿದಿದ್ದೆಯಾ ಓವೀಡ್?

ಮೊದಲ ಮೊಳೆ ಈ ಕಾಗದದ ಜೊತೆಗಿದೆ. ನಿನಗೆ ನೋಡಿ ಹೇಳುವ ಕೆಲಸವಿಲ್ಲ, ಕುರುಡನಿಗೂ ಕೆಂಪು.

ಯೂಲಲಿ

*

ಪೋರ್ಟ್ ಆರ್ಥರ್
6 ಮೇ 1983

ಅಕ್ಕ,

ನಾನು ಕುಡಿದಿರಲಿಲ್ಲ.

ಭಾವ ನಿನಗೆ ಹಾಗೆ ಹೇಳಿದ್ದು ಗೊತ್ತಾದದ್ದೇ ನಿನ್ನ ಈ ಕಾಗದದಿಂದ. ನೀನು ನನ್ನ ಮುಖ ನೋಡದಿದ್ದುದಕ್ಕೆ ಕಾರಣ ಗೋಡೆ ಎಂದುಕೊಂಡಿದ್ದೆ. ಭಾವ ಆಮೇಲಾದರೂ ನಿನಗೆ ಎಲ್ಲ ಹೇಳಿರುತ್ತಾನೆ, ನೀನು ಗಂಡನ ಪಕ್ಷ ವಹಿಸಿದ್ದೀಯ ಎಂದುಕೊಂಡಿದ್ದೆ. ಆರು ವರ್ಷ! ಕಾಗದ ಹಿಡಿದು ಕುರ್ಚಿಯಲ್ಲಿ ಹಾಗೇ ಕೂತಿದ್ದೆ. ಕೆಲಸಕ್ಕೆ ಹೋಗಲಿಲ್ಲ.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹೇಳುತ್ತೇನೆ, ಕೂತು ಓದು.

ಎಪ್ಪತ್ತೇಳರ ನೀರು ಇಳಿದು ಹತ್ತು ದಿನವಾಗಿತ್ತು. ಮದುವೆಗೆ ಉಳಿದದ್ದು ಹನ್ನೊಂದು ದಿನ. ಮದುವೆಯ ಸುದ್ದಿಯನ್ನು ಮೂರು ಭಾನುವಾರ ಚರ್ಚಿನಲ್ಲಿ ಸಾರುವುದು ಶುರುವಾಗಿತ್ತು, ತಾರೀಖು ಮುಂದೆ ಹಾಕುವ ಹಾಗಿರಲಿಲ್ಲ. ನೀನು ಜಗಲಿಯ ಕೆಸರಿನಲ್ಲೇ ಕೂತಿದ್ದೆ, ನೆನಪಿದೆಯೇ? "ನನ್ನ ಮಗಳು ಈ ಬಾಗಿಲಿಂದ ಮದುವಣಗಿತ್ತಿಯಾಗಿ ಹೊರಡ್ಲಿಲ್ಲ ಅಂದ್ರೆ ನಾನು ಈ ನದೀಗೇ ಹೋಗ್ತೀನಿ" ಅಂದೆ. ನಾನೂ ಭಾವನೂ ಒಳಗೆ ಬರೀ ಕಂಬಗಳ ನಡುವೆ ನಿಂತು ಕೇಳಿಸಿಕೊಂಡೆವು.

ಭಾವ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದ. "ನಾಳೆ ಮುಚ್ಚಿಬಿಡು."

"ಕಂಬ ಹಿಂಡಿದ್ರೆ ನೀರು ಬರುತ್ತೆ ಭಾವ. ಇನ್ನೂ ಆರು ವಾರ ಬೇಕು."

"ನಿಮ್ಮಕ್ಕ ಮೂರು ದಿನದಿಂದ ಅನ್ನ ಮುಟ್ಟಿಲ್ಲ ಕಣೋ. ಹೆದರಿಕೆ ಆಗ್ತಿದೆ ನಂಗೆ. ಮದುವೆಗೆ ಮಾತ್ರ ಮುಚ್ಚು. ಸೋಮವಾರ ನೀನೂ ನಾನೂ ಸೇರಿ ಬಿಚ್ಚೋಣ. ಅವಳಿಗೆ ನಾನೇ ಹೇಳ್ತೀನಿ."

ನಾನು ಒಪ್ಪಿದೆ. ನನ್ನ ಕೈ ತಡೆಯಲಿಲ್ಲ ನೋಡು, ಅದಕ್ಕೇ ಪ್ರತಿ ಕಂಬದ ಮೇಲೂ ಬರೆದೆ. ಬಿಚ್ಚಲೇಬೇಕಲ್ಲ, ಬಿಚ್ಚುವಾಗ ಭಾವನೂ ಓದಲಿ ಎಂದು. ಮುಚ್ಚಿದ ಮೇಲೆ ಬೇಗ ಬೇಗ ಪುಟ್ಟಿ ಬಳಿದು, ದೀಪದ ಶಾಖ ಹಿಡಿದು ಒಣಗಿಸಿ, ಉಪ್ಪು ಕಾಗದ ಉಜ್ಜಿ, ಬಣ್ಣ ಹೊಡೆದೆ. ಅಷ್ಟು ಚಂದದ ಗೋಡೆಯನ್ನು ಜನ್ಮದಲ್ಲಿ ಮಾಡಿರಲಿಲ್ಲ. ತಪ್ಪು ಮಾಡುತ್ತಿದ್ದೇನೆ ಎಂದು ಗೊತ್ತಿದ್ದಾಗ ಕೈ ಅಷ್ಟು ಸೊಗಸಾಗಿ ಓಡುತ್ತದೆಯೇ ಎಂದು ನನಗೇ ಗಾಬರಿಯಾಗಿತ್ತು.

ಸೋಮವಾರ ಬಂದೆ. ಭಾವ ಗೇಟು ಬಿಡಲಿಲ್ಲ.

"ಬೆಳಿಗ್ಗೆ ಎದ್ದು ಗೋಡೆ ಸವರ್ತಾ ನಿಂತಿದ್ಲು ಕಣೋ. ಹಾಡು ಗುನುಗ್ತಾ ಇದ್ಲು. ನೀರು ಬಂದ ಮೇಲೆ ಇದೇ ಮೊದಲು. ಹೇಗೋ ಒಡೀಲಿ ಹೇಳು? ಬೇಸಿಗೆ ಬಂತು, ತಾನಾಗೇ ಒಣಗುತ್ತೆ ಬಿಡು."

"ಮುಚ್ಚಿದ ಗೋಡೆ ತಾನಾಗೇ ಒಣಗಲ್ಲ ಭಾವ, ಒಳಗೇ ಕೊಳೆಯುತ್ತೆ. ಪಕ್ಕಕ್ಕೆ ಸರಿ, ಅಕ್ಕಂಗೆ ನಾನು ಹೇಳ್ತೀನಿ."

"ಹೇಳಿದ್ರೆ ಈ ಗೇಟು ಮತ್ತೆ ದಾಟಬೇಡ. ನನ್ನ ಮನೆ, ನನ್ನ ಗೋಡೆ. ಮಲಗೋನು ನಾನು."

ಅದೇ ಮಾತು ಅಕ್ಕ. ಮಲಗೋನು ನಾನು. ನಿನ್ನ ಕಾಗದದಲ್ಲಿ ಅವನ ತಲೆ ಯಾವ ಗೋಡೆಗೆ ಇತ್ತು ಎಂದು ಓದಿದಾಗಿನಿಂದ ಅದೇ ಕಿವಿಯಲ್ಲಿದೆ.

ಆಗ ಒಂದು ಕಾಗದ ಹಾಕಬಹುದಿತ್ತು. ಅವನು ಕೆಲಸಕ್ಕೆ ಹೋದಾಗ ಬಂದು ನಿನಗೆ ಒಂದು ಮಾತು ಹೇಳಬಹುದಿತ್ತು. ಅಷ್ಟೊಂದು ಅವಮಾನ ಮಾಡಿದ್ದಾನೆ, ಅವನೇ ಬಂದು ಕರೆಯಲಿ ಎಂದು ಕೂತೆ. ಮಣ್ಣಿನ ದಿನ ನದಿಯ ಸೇತುವೆ ತನಕ ಬಂದಿದ್ದೆ. ಅಲ್ಲಿಂದ ಗಾಡಿ ತಿರುಗಿಸಿದೆ.

ಓವೀಡ್

*

ಪೋರ್ಟ್ ಆರ್ಥರ್
14 ಜೂನ್ 1983

ಅಕ್ಕ,

ನಿನ್ನ ಲಕೋಟೆಗಳು ವಾರ ವಾರ ಬರುತ್ತಿವೆ. ಒಳಗೆ ಮೊಳೆ ಇರುತ್ತದೆ, ಕಾಗದ ಇರುವುದಿಲ್ಲ. ಐದು ಲಕೋಟೆ ಹೀಗೇ ಬಂದವು. ಮಗುಚಿ ಮಗುಚಿ ನೋಡಿದೆ, ಒಂದು ಅಕ್ಷರವಿಲ್ಲ. ಆದರೂ ಕಳಿಸುತ್ತಿದ್ದೀಯಲ್ಲ, ಅಷ್ಟೇ ಸಾಕು ಎಂದುಕೊಂಡಿದ್ದೇನೆ.

ಮೊಳೆಗಳನ್ನು ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದೇನೆ. ಕಳೆದ ವಾರದ್ದರ ಬುಡ ಕೆಂಪು, ತುದಿ ಕಂದು. ಮರ ಬಿಡುತ್ತಿದೆ, ನಿಧಾನವಾಗಿ. ಉತ್ತರದ ಗೋಡೆಯ ಮೊಳೆ ಯಾವುದು, ಬಾಗಿಲ ಕಡೆಯದು ಯಾವುದು ಎಂದಾದರೂ ಚೀಟಿ ಕಟ್ಟು. ಮಾತು ಬೇಡ, ದಿಕ್ಕು ಬರೆ.

ಮುಚ್ಚಬೇಡ.

ಓವೀಡ್

*

ಅಮೀಟ್ ನದಿ ದಂಡೆ
17 ಜುಲೈ 1983

ತಮ್ಮ,

ಎರಡು ತಿಂಗಳು ನನಗೆ ಬರೆಯಲಾಗಲಿಲ್ಲ. ಸಿಟ್ಟು ಎಂದು ತಿಳಿಯಬೇಡ. ಸಿಟ್ಟಿದ್ದರೆ ಹತ್ತು ಪುಟ ಬರೆಯುತ್ತಿದ್ದೆ, ನಿನಗೆ ಗೊತ್ತಲ್ಲ. ಕೂತರೆ ಕೈ ಏಳುತ್ತಿರಲಿಲ್ಲ, ಯಾರೋ ತಲೆಗೆ ಹೊಡೆದು ಕೂರಿಸಿದ ಹಾಗಿತ್ತು. ನಾಲ್ಕು ಜನರ ಮುಂದೆ ನಗುತ್ತ ಓಡಾಡುತ್ತಿದ್ದೆ, ಒಳಗೆ ಅದೊಂದೇ ಸಾಲು. ನಾನು ಗೋಡೆ ಸವರಿ ನಕ್ಕಿದ್ದಕ್ಕೆ ಅವನು ಗೇಟು ಹಿಡಿದು ನಿಂತ.

ಮೇ ಕೊನೆಗೆ ನಾನು ಮನೆಗೇ ಬಂದು ಸೇರಿದೆ. ಗೋಡೆ ಇಲ್ಲದ ಮನೆಯಲ್ಲಿ ಇರುವುದು ಒಂದು ಸೋಜಿಗ. ಅಡುಗೆಮನೆಯಲ್ಲಿ ಬೆಂಡೆಕಾಯಿ ಹೆಚ್ಚುತ್ತ ಮಂಚದ ಮೇಲಿನ ಬೆಕ್ಕನ್ನು ಬೈಯಬಹುದು. ವಿಲ್ಮರ್ ದಿನಾ ಬಂದು ಕಂಬದ ಸಂದಿಯಿಂದ ತಲೆ ಹಾಕಿ, "ಬಾಗಿಲು ತಟ್ಟಬೇಕಾ, ಹೀಗೇ ಬರ್ಲಾ?" ಅನ್ನುತ್ತಾನೆ. ಐದು ಕಂಬ ಸತ್ತಿದ್ದವು, ಅವನೇ ಹೊಸದು ನಿಲ್ಲಿಸಿದ.

ಕಳೆದ ಭಾನುವಾರ ರೆನೆಲಾ ಮಗುವನ್ನು ಕರೆದುಕೊಂಡು ಬಂದಳು. ಬಂದವಳೇ ಸೊಂಟದ ಮೇಲೆ ಕೈ ಇಟ್ಟಳು.

"ಏನಮ್ಮಾ ಇದು, ಮೂರು ತಿಂಗಳಾಯ್ತು, ಇನ್ನೂ ಕೋಳಿ ಗೂಡಿನ ಹಾಗಿದೆ! ಊರೆಲ್ಲ ಬಣ್ಣ ಹೊಡೆದು ಪರದೆ ಕಟ್ಟಿದಾರೆ. ಶಾಲೆ ಶುರುವಾಗೋಕೆ ಇನ್ನು ಐದು ವಾರ. ಮನೆ ಹೋದವರಿಗೆ ಅಂತ ಸರ್ಕಾರ ಕೊಟ್ಟ ತಗಡಿನ ಗಾಡಿಮನೇಲಿ ಇವಳು ಬೆಂದು ಹೋಗ್ತಿದಾಳೆ. ಉಸಿರು ಕೇಳು, ಕೇಳು ಇಲ್ಲಿ!"

ಕೇಳಿದೆ. ಮಗುವಿನ ಎದೆಯಲ್ಲಿ ಸಿಳ್ಳೆ ಹೊಡೆದ ಹಾಗಿತ್ತು. "ಆಯ್ತಮ್ಮ, ನಾಳೆಯೇ ಮುಚ್ಚಿಸ್ತೀನಿ," ಅಂದುಬಿಟ್ಟೆ. ಹಲಗೆಗಳು ಆಗಲೇ ಜಗಲಿಗೆ ಬಂದು ಬಿದ್ದಿದ್ದವು. ವಿಲ್ಮರ್ ಸೋಮವಾರ ಬೆಳಿಗ್ಗೆ ಸುತ್ತಿಗೆ ತಂದ. ಮೊದಲ ಹಲಗೆಯನ್ನು ಇಬ್ಬರೂ ಎತ್ತಿ ಕಂಬಕ್ಕೆ ಆನಿಸಿ ಹಿಡಿದಿದ್ದೆವು. ಅವನ ಬಾಯಲ್ಲಿ ಮೊಳೆಗಳಿದ್ದವು.

ಆಗ ನನಗೆ ಗೊತ್ತಾಯಿತು ನಾನು ಏನು ಮಾಡುತ್ತಿದ್ದೇನೆ ಎಂದು. ಕೈ ಬಿಟ್ಟೆ. ಹಲಗೆ ವಿಲ್ಮರನ ಕಾಲ ಮೇಲೆ ಬಿತ್ತು. ಬಾಯಿಯ ಮೊಳೆಗಳನ್ನೆಲ್ಲ ಉಗುಳಿ ಅವನು ಆಡಿದ ಮಾತನ್ನು ಬರೆಯುವಂತಿಲ್ಲ.

ಇನ್ನೊಂದು ಮಾತಿದೆ. ಅದನ್ನು ಹೇಳಲೆಂದೇ ಇವತ್ತು ಕೂತದ್ದು. ನೀನು ಮುಚ್ಚಿದೆ, ಅವನು ಮುಚ್ಚಿಸಿದ. ಇಬ್ಬರೂ ನನ್ನಿಂದ ಮುಚ್ಚಿಟ್ಟಿರಿ. ನಿನ್ನ ಕಾಗದ ಓದಿ ಎರಡು ದಿನ ನಾನು ಏನೂ ಅರಿಯದ ಬಡಪಾಯಿ ಎಂದುಕೊಂಡೇ ಇದ್ದೆ. ಮೂರನೆಯ ದಿನ ಬೀರು ತೊಳೆಯುತ್ತಿದ್ದಾಗ ನೆನಪಾಯಿತು. ಆ ವರ್ಷದ ಆಗಸ್ಟಿನಲ್ಲೇ ಆ ಕೋಣೆಯಲ್ಲಿ ವಾಸನೆ ಇತ್ತು ಓವೀಡ್. ಬಾವಿಯ ತಳದಿಂದ ಬಂದ ಹಾಗೆ ಒಂದು ವಾಸನೆ. ಮಂಚದ ತಲೆಯ ಕಡೆ ಹೋದರೆ ಜೋರು. ನನ್ನ ಮೂಗಿಗೆ ಬಂದಿತ್ತು. ನಾನು ಏನು ಮಾಡಿದೆ ಗೊತ್ತೇ? ಅಮ್ಮ ಬಟ್ಟೆಯ ಪೆಟ್ಟಿಗೆಗೆ ಲಾವಂಚದ ಬೇರು ಹಾಕುತ್ತಿದ್ದಳಲ್ಲ, ಅದನ್ನು ತಂದು ಕಂತೆ ಕಟ್ಟಿ ಮಂಚದ ಹಿಂದೆ ತೂಗು ಹಾಕಿದೆ. ಒಣಗಿದರೆ ಬದಲಾಯಿಸಿದೆ. ನಾಲ್ಕು ವರ್ಷ ಬದಲಾಯಿಸುತ್ತಲೇ ಇದ್ದೆ. ಕ್ಲೋವಿಸ್ ಒಂದು ಸಲವೂ ಇದು ಯಾಕೆ ಎಂದು ಕೇಳಲಿಲ್ಲ. ನಾನೂ ಅವನನ್ನು ಏನೂ ಕೇಳಲಿಲ್ಲ. ಅಷ್ಟು ಚಂದದ ಗೋಡೆಯ ಹಿಂದೆ ಏನಿದೆ ಎಂದು ನೋಡುವ ಮನಸ್ಸೇ ನನಗಿರಲಿಲ್ಲ.

ರೆನೆಲಾಳನ್ನು ಕರೆಸಿ ಎಲ್ಲ ಹೇಳಿದೆ. ಹೇಳದೆ ಇದ್ದರೆ ನಾನೂ ಗೇಟು ಹಿಡಿದು ನಿಂತ ಹಾಗೆಯೇ.

"ನನ್ನ ಮದುವೆಗಾ? ನನ್ನ ಮದುವೆಗೆ ಅಂತ ಅಪ್ಪ..." ಅಂದಳು. ಆಮೇಲೆ, "ನಂಗೆ ಮನೆ ಬಾಗಿಲೇ ಬೇಕು ಅಂತ ನಾನು ಕೇಳಿದ್ನಾಮ್ಮ? ಚರ್ಚಿನ ಅಂಗಳದಲ್ಲಿ ನಿಲ್ಸಿದ್ರೂ ಮದುವೆ ಆಗ್ತಿದ್ದೆ!"

ಮಗುವನ್ನು ಎತ್ತಿಕೊಂಡು ಹೊರಟುಹೋದಳು. ಗಂಡನ ತಾಯಿಯ ಮನೆಗೆ ಹೋಗಿದ್ದಾಳಂತೆ. ಫೋನು ಮಾಡಿದರೆ ಎತ್ತುತ್ತಿಲ್ಲ.

ಅವಳು ಇನ್ನು ಈ ಮನೆಯಲ್ಲಿ ಮಗುವನ್ನು ಮಲಗಿಸುತ್ತಾಳೋ ಇಲ್ಲವೋ, ನನಗೆ ಗೊತ್ತಿಲ್ಲ. ಮಲಗಿಸಬಹುದಾದ ಹಾಗೆ ಒಂದು ಕೋಣೆ ಮಾಡಬೇಕು. ಅದನ್ನು ನೀನೇ ಮಾಡಬೇಕು.

ಬಾ.

ನಿನ್ನ ಅಕ್ಕ
ಯೂಲಲಿ

*

ಪೋರ್ಟ್ ಆರ್ಥರ್
25 ಜುಲೈ 1983

ಅಕ್ಕ,

ಲಾವಂಚದ ವಿಷಯ ಓದಿ ನನಗೆ ಒಂದು ದಿನ ಊಟ ಸೇರಲಿಲ್ಲ.

ಬರುತ್ತೇನೆ. ಈಗಲೇ ಬಂದರೆ ನಿನ್ನ ಮುಖ ನೋಡಿ ಮುಚ್ಚಿಬಿಡುತ್ತೇನೆ, ನನ್ನನ್ನು ನಾನು ಬಲ್ಲೆ. ಉತ್ತರದ ಗೋಡೆಯ ಎರಡು ಮೊಳೆ ಇನ್ನೂ ಕೆಂಪು. ನಾಲ್ಕು ದಿಕ್ಕಿನ ಮೊಳೆಯೂ ಬೆಳ್ಳಗೆ ಬಂದ ವಾರ ಗಾಡಿ ಹತ್ತುತ್ತೇನೆ. ಸೆಪ್ಟೆಂಬರಾದರೆ ಸೆಪ್ಟೆಂಬರು, ಕ್ರಿಸ್‌ಮಸ್ ಆದರೆ ಕ್ರಿಸ್‌ಮಸ್.

ವಿಲ್ಮರಣ್ಣನ ಕಾಲು ಹೇಗಿದೆ?

ನಿನ್ನ ತಮ್ಮ
ಓವೀಡ್

*

ಅಮೀಟ್ ನದಿ ದಂಡೆ
4 ನವೆಂಬರ್ 1983

ಪ್ರೀತಿಯ ತಮ್ಮ,

ನೀನು ಹೊರಟು ಹತ್ತು ದಿನವಾಯಿತು. ನಿನ್ನ ಕರಣೆಯನ್ನು ಅಡುಗೆಮನೆಯಲ್ಲೇ ಮರೆತು ಹೋಗಿದ್ದೀಯ. ವಿಲ್ಮರ್ ಅದರಲ್ಲಿ ಮೀನು ಮಗುಚಲು ಹೊರಟಿದ್ದ, ಕಿತ್ತು ಇಟ್ಟಿದ್ದೇನೆ.

ಮೂರು ವಾರ ಒಂದೇ ಸೂರಿನ ಕೆಳಗಿದ್ದೆವು. ನಾವು ಆಡಿದ್ದೆಲ್ಲ ಹಲಗೆ, ಪಟ್ಟಿ, ಪುಟ್ಟಿ, ಅನ್ನಕ್ಕೆ ಉಪ್ಪು ಹೆಚ್ಚಾಯಿತು ಕಡಿಮೆಯಾಯಿತು ಎಂಬ ಮಾತು. ಹಳೆಯದನ್ನು ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪುಟ್ಟಿಯ ಒಂದೊಂದು ಪದರಕ್ಕೂ ನೀನು ಎರಡೆರಡು ದಿನ ಕೈ ಕಟ್ಟಿ ಕೂತದ್ದು ನೋಡಿ ವಿಲ್ಮರ್ ನನ್ನ ಕಿವಿಯಲ್ಲಿ, "ನಿನ್ನ ತಮ್ಮಂಗೆ ವಯಸ್ಸಾಯ್ತು" ಅಂದ. ಒಂದು ದಿನ ನೀನು ಉಪ್ಪು ಕಾಗದ ಉಜ್ಜುತ್ತ ಗೋಡೆಗೆ ಮುಖ ಮಾಡಿ ಬಹಳ ಹೊತ್ತು ನಿಂತೇ ಇದ್ದೆ. ಸುಣ್ಣದ ಧೂಳು ಕಣ್ಣಿಗೆ ಬಿತ್ತು ಅಂದೆ. ಇರಲಿ.

ರೆನೆಲಾ ಬಂದಳು. ಸಕಲ ಸಂತರ ಹಬ್ಬಕ್ಕೆ ಅವಳ ಅಪ್ಪನ ಗೋರಿಗೆ ಸುಣ್ಣ ಬಳಿಯಲು ಬಂದವಳು. ಸ್ಮಶಾನದಲ್ಲಿ ನಾನು ಒಂದು ಕಡೆಯಿಂದ ಬಳಿಯುತ್ತ ಬಂದೆ, ಅವಳು ಇನ್ನೊಂದು ಕಡೆಯಿಂದ. ಮೂರೂವರೆ ತಿಂಗಳ ಮೇಲೆ ಅವಳು ಆಡಿದ ಮೊದಲ ಮಾತು, "ಬ್ರಷ್ ಕೊಡಮ್ಮ, ನೀನು ತೆಳ್ಳಗೆ ಹೊಡೀತೀಯ." ಅವಳ ಕಣ್ಣು ಊದಿತ್ತು. ಗೋರಿಯ ಮೇಲೆ ಕೈ ಇಟ್ಟು, "ಅಪ್ಪಂಗೆ ಬೈಬೇಕು ಅಂತ ಬಂದೆ, ಬಾಯೇ ಬರ್ತಿಲ್ಲ" ಅಂದಳು. ನನಗೂ ಅದೇ ಆಗಿತ್ತು. ಇಬ್ಬರೂ ಸೇರಿ ಅವನನ್ನು ಸ್ವಲ್ಪ ಬೈದೆವು. ಮಗು ನೋಡುತ್ತಿತ್ತು ಎಂದು ನಿಲ್ಲಿಸಿದೆವು.

ಅಲ್ಲಿಂದ ಮನೆಗೆ ಬಂದರು. ರೆನೆಲಾ ಕೋಣೆಯ ನಾಲ್ಕೂ ಗೋಡೆಗೆ ಮೂಗು ಹಚ್ಚಿ ಹಚ್ಚಿ ಮೂಸಿದಳು, ನಾಯಿಯ ಹಾಗೆ. ನಾನು ಬಾಗಿಲಲ್ಲಿ ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ನಿಂತಿದ್ದೆ. ಗಾಡಿಗೆ ಹೋಗಿ ಮಗುವಿನ ದಿಂಬು ತಂದಳು.

ಊಟವಾದ ಮೇಲೆ ಟೆಸ್‌ಳನ್ನು ಅಲ್ಲಿ ಮಲಗಿಸಿದಳು. ನಾವು ಅಡುಗೆಮನೆಯಲ್ಲಿ ಕಾಫಿ ಹಿಡಿದು ಕೂತೆವು. ಬಾಗಿಲು ತೆರೆದೇ ಇತ್ತು, ಇಬ್ಬರ ಕಿವಿಯೂ ಅಲ್ಲೇ. ಕಾಫಿ ಆರಿತು.

ಸ್ವಲ್ಪ ಹೊತ್ತಾದ ಮೇಲೆ ಆ ಕೋಣೆಯಿಂದ ಏನೂ ಕೇಳಿಸುತ್ತಿಲ್ಲ ಎಂದು ನನಗೆ ಅರಿವಾಯಿತು. ಕೆಮ್ಮಿಲ್ಲ, ಸಿಳ್ಳೆಯಿಲ್ಲ, ಗೊರಗೊರ ಇಲ್ಲ. ವರ್ಷಗಟ್ಟಲೆ ಆ ಕೋಣೆಯಿಂದ ಕ್ಲೋವಿಸ್‌ನ ಕೆಮ್ಮು ಕೇಳಿ ಕೇಳಿ ಬದುಕಿದವಳು ನಾನು. ಕುರ್ಚಿ ಉರುಳಿಸಿಕೊಂಡು ಎದ್ದು ಓಡಿದೆ. ರೆನೆಲಾ ನನಗಿಂತ ಮುಂಚೆ ಓಡಿದ್ದಳು. ಇಬ್ಬರೂ ಮಂಚದ ಎರಡು ಕಡೆ ಬಗ್ಗಿದೆವು.

ಮಗು ಮಲಗಿತ್ತು, ಅಷ್ಟೇ. ಬಾಯಿ ಮುಚ್ಚಿಕೊಂಡು, ಮೂಗಿನಲ್ಲಿ ಉಸಿರಾಡುತ್ತ ಮಲಗಿತ್ತು.

ನಿನ್ನ ಅಕ್ಕ
ಯೂಲಲಿ